ನಮ್ಮನ್ನು ಕೇಳಬೇಡಿ, ಅವರಿಗೆ ಹೇಳಿ

ಸಾಫ್ಟ್‌ವೇರ್ ಉದ್ಯಮದವರ ಬಾಯಲ್ಲಿ ಸದಾ ಸಿದ್ಧವಾಗಿರುವ ಮಾತೊಂದಿದೆ: ತಂತ್ರಜ್ಞಾನದಲ್ಲಿ ಸರ್ಕಾರ ಮೂಗು ತೂರಿಸಿತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಸಾಕ್ಷಿ ಕೊಡಿ ಎಂದರೆ ಎಲ್ಲರೂ ಬೆರಳು ತೋರಿಸುವುದು ಕುಕಿ ಪೆಟ್ಟಿಗೆಯ ಕಡೆಗೆ. ಸುದ್ದಿ ಓದೋಣವೆಂದು ಜಾಲತಾಣ ತೆರೆದರೆ ಸುದ್ದಿಯ ಮೇಲೆಯೇ ಬಂದು ಕೂರುತ್ತದಲ್ಲ, ಅದು. ಕುಕಿ ಎಂದರೆ ಓದುಗನನ್ನು ಗುರುತಿಟ್ಟುಕೊಳ್ಳಲು ತಾಣ ಅವನ ಸಾಧನದಲ್ಲಿ ಇಟ್ಟುಹೋಗುವ ಸಣ್ಣ ಕಡತ. ‘ನಿಮ್ಮ ಖಾಸಗಿತನ ನಮಗೆ ಅಮೂಲ್ಯ’ ಎಂದು ಶುರುವಾಗುವ ಅದರ ಮಾತು, ನಿಮ್ಮ ಮಾಹಿತಿಯನ್ನು ನೂರಾರು ‘ಪಾಲುದಾರ’ರಿಗೆ ಹಂಚಲು ಒಪ್ಪಿಗೆ ಕೇಳುವಲ್ಲಿಗೆ ಬಂದು ನಿಲ್ಲುತ್ತದೆ. ಯುರೋಪಿನ ಕಾನೂನು ಮಾಡಿದ ಘನಕಾರ್ಯ ನೋಡಿ ಎಂದು ಉದ್ಯಮದವರು ನಗುತ್ತಾರೆ.

ಅದೇ ಉದ್ಯಮದಲ್ಲಿ ದುಡಿಯುವವನಾದರೂ ಆ ನಗುವಿನಲ್ಲಿ ಪಾಲುಗೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಏಕೆಂದರೆ ಆ ಪೆಟ್ಟಿಗೆಯನ್ನು ರೂಪಿಸಿದ್ದು ಕಾನೂನಲ್ಲ, ಉದ್ಯಮ.

ಕಾನೂನಿನಲ್ಲಿ ಏನಿದೆ ಎಂದು ಒಮ್ಮೆ ತೆರೆದು ನೋಡಿ. ಕುಕಿಗಳ ನಿಯಮ ಬಂದದ್ದು ಎಲ್ಲರೂ ಬೈಯುವ ಜಿಡಿಪಿಆರ್ ಎಂಬ ಯುರೋಪಿನ ದತ್ತಾಂಶ ರಕ್ಷಣಾ ಕಾನೂನಿನಿಂದಲ್ಲ. ಅದರ ಮೂಲ 2002ರ ಇ-ಪ್ರೈವಸಿ ನಿರ್ದೇಶನ ಮತ್ತು ಅದಕ್ಕೆ 2009ರಲ್ಲಿ ಆದ ತಿದ್ದುಪಡಿ. 2018ರ ಮೇ 25ರಂದು ಜಾರಿಗೆ ಬಂದ ಜಿಡಿಪಿಆರ್, ಒಪ್ಪಿಗೆ ಎಂದರೆ ಎಂಥದ್ದಿರಬೇಕು ಎಂಬುದನ್ನು ಬಿಗಿಗೊಳಿಸಿತು, ಅಷ್ಟೆ. ನಿರ್ದೇಶನದ ಮಾತು ಸರಳವಾಗಿದೆ: ಬಳಕೆದಾರನ ಸಾಧನದಲ್ಲಿ ಏನನ್ನಾದರೂ ಇಡುವ ಮುನ್ನ, ಅಥವಾ ಅಲ್ಲಿರುವುದನ್ನು ಓದುವ ಮುನ್ನ, ಅವನ ಒಪ್ಪಿಗೆ ಪಡೆಯಬೇಕು, ಅವನೇ ಕೇಳಿದ ಸೇವೆಯನ್ನು ಕೊಡಲು ಅದು ಅತ್ಯಗತ್ಯವಾಗಿದ್ದರೆ ಒಪ್ಪಿಗೆಯೂ ಬೇಡ. ಲಾಗಿನ್ ಆದವರನ್ನು ನೆನಪಿಡುವ ಕುಕಿಗೆ, ಖರೀದಿಗೆಂದು ಆರಿಸಿದ ವಸ್ತುಗಳನ್ನು ನೆನಪಿಡುವ ಕುಕಿಗೆ ಯಾವ ಪೆಟ್ಟಿಗೆಯೂ ಬೇಕಿಲ್ಲ. ಪೆಟ್ಟಿಗೆ ಬೇಕಾಗುವುದು ಮುಖ್ಯವಾಗಿ ಓದುಗ ಎಲ್ಲೆಲ್ಲಿ ಓಡಾಡುತ್ತಾನೆಂದು ಬೆನ್ನು ಹತ್ತುವವರಿಗೆ. 2020ರ ಡಿಸೆಂಬರ್‌ನಲ್ಲಿ ತಂತ್ರಾಂಶ ಬರೆಯುವವರು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತನ್ನ ತಾಣದಿಂದ ಅತ್ಯಗತ್ಯವಲ್ಲದ ಕುಕಿಗಳನ್ನೆಲ್ಲ ಕಿತ್ತುಹಾಕಿ, ಜೊತೆಗೇ ಪೆಟ್ಟಿಗೆಯನ್ನೂ ತೆಗೆದುಹಾಕಿತು. ಕಾನೂನಿನ ಒಂದಕ್ಷರವೂ ಅದಕ್ಕಾಗಿ ಬದಲಾಗಬೇಕಾಗಿ ಬರಲಿಲ್ಲ.

ಇಂಥ ಪೆಟ್ಟಿಗೆಯೊಂದರ ವಿನ್ಯಾಸದ ಚರ್ಚೆಯಲ್ಲಿ ನಾನು ಕೂತಿದ್ದೇನೆ. ಕಂಪನಿಯ ಹೆಸರು ಬೇಡ, ಯಾವ ಕಂಪನಿಯಾದರೂ ಚರ್ಚೆ ಹಾಗೆಯೇ ನಡೆಯುತ್ತಿತ್ತು. ‘ಒಪ್ಪುತ್ತೇನೆ’ ಎಂಬ ಬಟನ್‌ಗೆ ಗಾಢ ನೀಲಿ ಬಣ್ಣ. ಒಪ್ಪದವರಿಗೆ ಬಟನ್ನೇ ಇಲ್ಲ. ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ‘ಆಯ್ಕೆಗಳನ್ನು ನಿರ್ವಹಿಸಿ’ ಎಂಬ ಕೊಂಡಿ. ಅದನ್ನು ಒತ್ತಿದರೆ ಇನ್ನೊಂದು ಪುಟ, ಅಲ್ಲಿ ಸಾಲುಸಾಲು ಸ್ವಿಚ್‌ಗಳು, ಎಲ್ಲವನ್ನೂ ದಾಟಿ ಕೆಳಗಿಳಿದರೆ ‘ಉಳಿಸಿ’. ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಬೇಡ ಎನ್ನಲು ದಾರಿ ಇದೆಯೇ? ಇದೆ. ಮಾರುಕಟ್ಟೆ ವಿಭಾಗದವರು ಕೇಳಿದ್ದೂ ಒಂದೇ ಪ್ರಶ್ನೆ: ಆ ದಾರಿಯಲ್ಲಿ ಎಷ್ಟು ಜನ ಹೋಗುತ್ತಾರೆ? ಹೆಚ್ಚು ಜನ ಹೋಗುವುದಿಲ್ಲ. ಇಬ್ಬರಿಗೂ ಸಮಾಧಾನವಾಯಿತು. ಪರದೆಯ ಇನ್ನೊಂದು ಬದಿಯಲ್ಲಿ ಕೂತವನ ಪರವಾಗಿ ಮಾತಾಡುವವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಕಾನೂನು ಚಾಪೆಯ ಕೆಳಗೆ ತೂರಿದರೆ ಕಂಪನಿ ರಂಗೋಲಿಯ ಕೆಳಗೆ ತೂರಿತ್ತು.

ಆಟ ಬದಲಾದದ್ದು ನಿಯಂತ್ರಕರು ಬಟನ್ನಿನ ಬಗ್ಗೆಯೇ ಮಾತಾಡಲು ತೊಡಗಿದಾಗ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು ಯುರೋಪಿನ ನ್ಯಾಯಾಲಯ 2019ರಲ್ಲಿ ಹೇಳಿತು. ಒಪ್ಪಲು ಒಂದು ಕ್ಲಿಕ್ ಸಾಕಾಗಿ, ನಿರಾಕರಿಸಲು ಹಲವು ಕ್ಲಿಕ್ ಬೇಕಾಗುವುದು ತಪ್ಪು ಎಂದು 2021ರ ಕೊನೆಯಲ್ಲಿ ಫ್ರಾನ್ಸಿನ ದತ್ತಾಂಶ ರಕ್ಷಣಾ ಸಂಸ್ಥೆ ಸಿಎನ್‌ಐಎಲ್, ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿತು. ಕೆಲವೇ ತಿಂಗಳಲ್ಲಿ ಗೂಗಲ್‌ನಲ್ಲೂ ಯೂಟ್ಯೂಬ್‌ನಲ್ಲೂ ‘ಎಲ್ಲವನ್ನೂ ನಿರಾಕರಿಸಿ’ ಎಂಬ ಬಟನ್ ಪ್ರತ್ಯಕ್ಷವಾಯಿತು. ಪ್ರಪಂಚದ ಅತ್ಯಂತ ಬುದ್ಧಿವಂತ ಎಂಜಿನಿಯರುಗಳಿದ್ದ ಕಂಪನಿಗೆ ಅಷ್ಟು ವರ್ಷ ಹೊಳೆಯದೇ ಇದ್ದ ಬಟನ್ ಅದು!

ಇದಕ್ಕಿಂತ ಸ್ಪಷ್ಟವಾದ ಪಾಠ ಇನ್ನೊಂದು ಕಡೆ ಇದೆ. 2009ರ ಸುಮಾರಿಗೆ ಒಂದು ಅಚ್ಚುಕಟ್ಟಾದ ಯೋಚನೆ ಹುಟ್ಟಿತು. ಪ್ರತಿ ತಾಣವೂ ಪ್ರತಿ ಸಲವೂ ನಮ್ಮನ್ನು ಕೇಳುವುದೇಕೆ? ಬ್ರೌಸರ್‌ನಲ್ಲಿ ಒಂದೇ ಒಂದು ಸ್ವಿಚ್ ಇರಲಿ. ‘ನನ್ನನ್ನು ಹಿಂಬಾಲಿಸಬೇಡಿ’ ಎಂದು ಅದನ್ನು ಒಮ್ಮೆ ಒತ್ತಿದರೆ, ನಾವು ಹೋದಲ್ಲೆಲ್ಲ ಬ್ರೌಸರ್ ಆ ಸಂದೇಶವನ್ನು ತಾನೇ ತಲುಪಿಸಲಿ. ಡು ನಾಟ್ ಟ್ರ್ಯಾಕ್ ಎಂಬ ಈ ಸೌಲಭ್ಯಕ್ಕೆ ಬೇಕಾಗಿದ್ದದ್ದು ಪುಟಕ್ಕಾಗಿ ಹೋಗುವ ಕೋರಿಕೆಯಲ್ಲಿ ಒಂದು ಹೆಚ್ಚಿನ ಸಾಲು, ‘ಡಿಎನ್‌ಟಿ: 1’. 2011ರಲ್ಲಿ ಫೈರ್‌ಫಾಕ್ಸ್ ಅದನ್ನು ಅಳವಡಿಸಿತು, ಉಳಿದವರೂ ಹಿಂದೆ ಬಂದರು. ಮೈಕ್ರೋಸಾಫ್ಟ್ 2012ರಲ್ಲಿ ತನ್ನ ಹೊಸ ಬ್ರೌಸರ್‌ನಲ್ಲಿ ಆ ಸ್ವಿಚ್ಚನ್ನು ಮೊದಲಿನಿಂದಲೇ ಒತ್ತಿಟ್ಟು ಕೊಡುತ್ತೇನೆ ಎಂದದ್ದೇ ತಡ, ಜಾಹೀರಾತು ಉದ್ಯಮದವರು ಅದು ಬಳಕೆದಾರನ ನಿಜವಾದ ಆಯ್ಕೆಯಲ್ಲ, ಹಾಗಾಗಿ ನಾವು ಮನ್ನಿಸುವುದಿಲ್ಲ ಎಂದರು. (ಮೊದಲೇ ಟಿಕ್ ಹಾಕಿಟ್ಟ ಚೌಕಗಳ ಮೇಲೆ ಬದುಕಿದವರಿಗೆ ನಿಜವಾದ ಆಯ್ಕೆಯ ಮೇಲೆ ಒಮ್ಮೆಲೇ ಹುಟ್ಟಿದ ಪ್ರೀತಿ ನೋಡಿ.) ಮನ್ನಿಸಲೇಬೇಕೆಂಬ ಕಾನೂನು ಎಲ್ಲೂ ಇರಲಿಲ್ಲ. ಇದಕ್ಕೊಂದು ಮಾನಕ ರೂಪಿಸಲು ಕೂತಿದ್ದ, ವೆಬ್‌ನ ಮಾನಕ ಸಂಸ್ಥೆ ಡಬ್ಲ್ಯು3ಸಿಯ ಕಾರ್ಯತಂಡ 2019ರಲ್ಲಿ ಬಾಗಿಲು ಹಾಕಿತು. 2025ರಲ್ಲಿ ಫೈರ್‌ಫಾಕ್ಸ್ ಕೂಡ ಆ ಸ್ವಿಚ್ಚನ್ನು ಕಿತ್ತು ಹಾಕಿತು.

ಇನ್ನು ಗ್ಲೋಬಲ್ ಪ್ರೈವಸಿ ಕಂಟ್ರೋಲ್ ಎಂಬುದನ್ನು ನೋಡಿ. ತಾಂತ್ರಿಕವಾಗಿ ಅದೂ ಒಂದು ಸಾಲು, ‘ಸೆಕ್-ಜಿಪಿಸಿ: 1’. ಸತ್ತುಹೋದ ಸ್ವಿಚ್‌ನ ತಮ್ಮ ಎನ್ನಬಹುದು. ಆದರೆ ಕ್ಯಾಲಿಫೋರ್ನಿಯದ ಖಾಸಗಿತನ ಕಾನೂನಿನ ನಿಯಮಗಳು, ಈ ಸಾಲು ಬಂದರೆ ಅದನ್ನು ‘ನನ್ನ ಮಾಹಿತಿ ಮಾರಬೇಡಿ’ ಎಂಬ ಕೋರಿಕೆಯೆಂದೇ ಪರಿಗಣಿಸಬೇಕು ಎಂದು ಹೇಳಿದವು. 2022ರ ಆಗಸ್ಟ್‌ನಲ್ಲಿ ಪ್ರಸಾಧನ ಸಾಮಗ್ರಿ ಮಾರುವ ಸೆಫೋರಾ ಈ ಸಾಲನ್ನು ಲೆಕ್ಕಿಸದಿದ್ದುದೂ ಸೇರಿದಂತೆ ಹಲವು ಆರೋಪಗಳ ಇತ್ಯರ್ಥಕ್ಕಾಗಿ ಅಲ್ಲಿನ ಅಟಾರ್ನಿ ಜನರಲ್‌ಗೆ 12 ಲಕ್ಷ ಡಾಲರ್ ತೆತ್ತಿತು. 2027ರ ಜನವರಿಯಿಂದ ಬ್ರೌಸರ್‌ಗಳೆಲ್ಲ ಇಂಥ ಸ್ವಿಚ್ ಕೊಡಲೇಬೇಕೆಂಬ ಕಾನೂನೂ ಆ ರಾಜ್ಯದಲ್ಲಿ ಬಂದಾಗಿದೆ. ಬ್ರೌಸರ್ ಕಳುಹಿಸುವ ಸಂದೇಶ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಎಂಜಿನಿಯರಿಂಗ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇನಿಲ್ಲ. ಒಂದರ ಹಿಂದೆ ದಂಡದ ಭಯವಿತ್ತು, ಇನ್ನೊಂದರ ಹಿಂದೆ ಸದಾಶಯವಿತ್ತು.

ನನ್ನ ವಾದ ಇಷ್ಟೆ. ಡಿಜಿಟಲ್ ಲೋಕಕ್ಕೆ ಕಾನೂನು ಬೇಕೋ ಬೇಡವೋ ಎಂಬ ಜಗಳ ವ್ಯರ್ಥ. ಕಾನೂನು ಯಾರ ಹೆಗಲಿಗೆ ಭಾರ ಹೊರಿಸುತ್ತದೆ ಎಂದು ನೋಡಬೇಕು. ಬಳಕೆದಾರನನ್ನು ಕೇಳಿ ಎನ್ನುವ ಕಾನೂನು ಕೇಳುವ ಕಲೆಯಲ್ಲಿ ಪಳಗಿದವರಿಗೆ ಅನುಕೂಲ ಮಾಡಿಕೊಡುತ್ತದೆ. ಮೂವತ್ತು ಪುಟದ ಷರತ್ತುಗಳನ್ನು ಓದಿ, ಅರ್ಥಮಾಡಿಕೊಂಡು, ತೂಗಿ ನೋಡಿ ಒಪ್ಪುವ ಕೆಲಸವನ್ನು, ಬಸ್ಸಿನಲ್ಲಿ ನಿಂತು ಒಂದು ಕೈಯಲ್ಲಿ ಮೊಬೈಲ್ ಹಿಡಿದವನಿಗೆ ವಹಿಸುತ್ತದೆ. ಆಮೇಲೆ ಏನಾದರೂ ಎಡವಟ್ಟಾದರೆ ‘ನೀವೇ ಒಪ್ಪಿದ್ದಿರಲ್ಲ’ ಎಂಬ ಉತ್ತರ ತಯಾರಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ.

ಕಂಪನಿಗೇ ನೇರವಾಗಿ ಹೇಳಿದ ನಿಯಮಗಳು ನಮ್ಮ ಕಣ್ಣಿಗೆ ಬೀಳುವುದೇ ಕಡಿಮೆ, ಅದೇ ಅವುಗಳ ಗೆಲುವು. ಮೊಬೈಲ್‌ಗಳಿಗೆಲ್ಲ ಒಂದೇ ಚಾರ್ಜರ್ ಇರಲಿ ಎಂದು ಯುರೋಪು 2009ರಲ್ಲಿ ತಯಾರಕರ ಜೊತೆ ಸ್ವಯಂಪ್ರೇರಿತ ಒಪ್ಪಂದ ಮಾಡಿಕೊಂಡಿತ್ತು. ಅಡಾಪ್ಟರ್ ಮಾರಿದರೂ ಸಾಕು ಎಂಬ ಕಿಂಡಿ ಅದರಲ್ಲಿತ್ತು. 2022ರಲ್ಲಿ ಕಾನೂನೇ ಬಂತು, 2024ರ ಡಿಸೆಂಬರ್ 28ರಿಂದ ಯುಎಸ್‌ಬಿ-ಸಿ ಎಂಬ ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಕಡ್ಡಾಯವಾಯಿತು. ಅದಕ್ಕೂ ಒಂದು ವರ್ಷ ಮೊದಲೇ, 2023ರ ಸೆಪ್ಟೆಂಬರ್‌ನಲ್ಲಿ, ಐಫೋನ್ 15 ಹೊಸ ಕಿಂಡಿಯೊಂದಿಗೆ ಬಂತು, ಯುರೋಪಿಗೆ ಮಾತ್ರವಲ್ಲ, ಜಗತ್ತಿಗೆಲ್ಲ. ‘ಈ ಕೇಬಲ್‌ಗೆ ನಿಮ್ಮ ಸಮ್ಮತಿ ಇದೆಯೇ’ ಎಂದು ಯಾರೂ ಕೇಳಲಿಲ್ಲ.

ಭಾರತದ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣವನ್ನು ಕಡ್ಡಾಯಗೊಳಿಸಿದ್ದೂ ಇದೇ ಜಾತಿಯ ನಿಯಮ. ಒಂದು ಹೆಜ್ಜೆ ಹೆಚ್ಚಾದರೆ ಗ್ರಾಹಕರು ಅರ್ಧಕ್ಕೇ ಬಿಟ್ಟು ಹೋಗುತ್ತಾರೆ ಎಂಬುದು ವ್ಯಾಪಾರಿಗಳ ದೂರು. ಆ ದೂರು ಸುಳ್ಳಲ್ಲ, ಒಟಿಪಿ ಬರುವುದನ್ನೇ ಕಾಯುತ್ತ ಕೂತವರಿಗೆಲ್ಲ ಅದು ಗೊತ್ತು. ಆದರೆ ಕದ್ದ ಕಾರ್ಡಿನ ಸಂಖ್ಯೆಯೊಂದರಿಂದಲೇ ಹಣ ತೆಗೆಯುವ ದಾರಿಯನ್ನು ಅದು ಕಿರಿದುಗೊಳಿಸಿತು. ಊಬರ್ ಪಾವತಿಯನ್ನು ವಿದೇಶದ ಮೂಲಕ ಸುತ್ತಿ ತಂದು ಈ ಹೆಜ್ಜೆಯನ್ನು ತಪ್ಪಿಸಿಕೊಂಡಿತ್ತು. 2014ರಲ್ಲಿ ರಿಸರ್ವ್ ಬ್ಯಾಂಕ್ ಆ ಸುತ್ತುದಾರಿಯನ್ನು ಮುಚ್ಚಿದಾಗ, ಅದು ಡಿಜಿಟಲ್ ವಾಲೆಟ್ ಮೊರೆಹೋಗಬೇಕಾಯಿತು. ಒಂದು ಸುತ್ತೋಲೆ ಒಂದು ಆ್ಯಪ್‌ನ ಪಾವತಿ ಪುಟವನ್ನೇ ಮತ್ತೆ ಬರೆಸಿತು.

ಹಾಗಾದರೆ ಕಂಪನಿಗಳಿಗೆ ಸರ್ಕಾರ ಏನು ಹೇಳಿದರೂ ಸರಿಯೇ? ಖಂಡಿತ ಅಲ್ಲ. ಕಂಪನಿಯ ನಡತೆಯನ್ನು ತಿದ್ದುವುದನ್ನು ಬಿಟ್ಟು ಗಣಿತಕ್ಕೇ ಆಜ್ಞೆ ಕೊಡಹೊರಡುವ ಕಾನೂನುಗಳಿವೆ. ಅವುಗಳ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1990ರ ದಶಕದ ಅಮೆರಿಕದಲ್ಲಿ ಬಲವಾದ ಗೂಢಲಿಪೀಕರಣ ತಂತ್ರಾಂಶ, ಅಂದರೆ ಕೀಲಿ ಇಲ್ಲದವರು ಓದಲಾಗದಂತೆ ಮಾಹಿತಿಯನ್ನು ಗಣಿತದ ಬಲದಿಂದ ಮರೆಮಾಡುವ ತಂತ್ರಾಂಶ, ಯುದ್ಧಸಾಮಗ್ರಿಗಳ ಪಟ್ಟಿಯಲ್ಲಿತ್ತು. ಅನುಮತಿಯಿಲ್ಲದೆ ದೇಶದಿಂದ ಹೊರಗೆ ಕಳುಹಿಸುವುದು ಆಯುಧ ಸಾಗಿಸಿದ ಹಾಗೆ. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಬರೆದು ಹಂಚಿದ ಪಿಜಿಪಿ ಎಂಬ ಇಂಥದೇ ತಂತ್ರಾಂಶ ಗಡಿ ದಾಟಿತೆಂದು ಅವರ ಮೇಲೆ ವರ್ಷಗಟ್ಟಲೆ ಕ್ರಿಮಿನಲ್ ತನಿಖೆ ನಡೆದು, 1996ರಲ್ಲಿ ಮೊಕದ್ದಮೆ ಇಲ್ಲದೆ ಮುಗಿಯಿತು. ಈ ನಡುವೆ ಎಂಐಟಿಯ ಪ್ರಕಾಶನ ಸಂಸ್ಥೆ ಆ ತಂತ್ರಾಂಶದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಪುಸ್ತಕವಾಗಿ ಅಚ್ಚು ಹಾಕಿತು. ಮುದ್ರಿತ ಪುಸ್ತಕದ ರಫ್ತಿಗೆ ಅಡ್ಡಿ ಇರಲಿಲ್ಲವಲ್ಲ! ಅದೇ ಅಕ್ಷರಗಳು ಫ್ಲಾಪಿಯಲ್ಲಿದ್ದರೆ ಆಯುಧ, ಕಾಗದದ ಮೇಲಿದ್ದರೆ ಸಾಹಿತ್ಯ.

ನಗುವ ವಿಷಯ ಅಲ್ಲಿಗೆ ಮುಗಿಯಿತು. ವೆಬ್ ಆಗಷ್ಟೇ ಬೆಳೆಯುತ್ತಿತ್ತು. ನೆಟ್‌ಸ್ಕೇಪ್ ತನ್ನ ಬ್ರೌಸರ್‌ನ ಎರಡು ಆವೃತ್ತಿಗಳನ್ನು ಮಾಡಬೇಕಾಯಿತು: ಅಮೆರಿಕದವರಿಗೆ 128 ಬಿಟ್‌ಗಳ ಕೀಲಿ, ಹೊರಗಿನವರಿಗೆ 40 ಬಿಟ್‌ಗಳದ್ದು. ಬೇಹುಗಾರಿಕೆ ಸಂಸ್ಥೆಗಳಿಗೆ ಒಡೆಯಲು ಸುಲಭವಾಗಿರಲಿ ಎಂಬುದೇ ಉದ್ದೇಶ. 1995ರಲ್ಲಿ ಫ್ರಾನ್ಸಿನ ಸಂಶೋಧಕರೊಬ್ಬರು ಕೈಗೆ ಸಿಕ್ಕ ಕಂಪ್ಯೂಟರುಗಳನ್ನೆಲ್ಲ ದುಡಿಸಿಕೊಂಡು ಎಂಟು ದಿನದಲ್ಲಿ ಅಂಥ 40 ಬಿಟ್‌ಗಳ ಕೀಲಿಯೊಂದನ್ನು ಮುರಿದು ತೋರಿಸಿದರು. ಅದಕ್ಕೆ ಬೇಹುಗಾರಿಕೆ ಸಂಸ್ಥೆಯೇ ಬೇಕೆಂದಿಲ್ಲ ಎಂದು ಎಲ್ಲರಿಗೂ ತಿಳಿಯಿತು. 2000ದ ಹೊತ್ತಿಗೆ ರಫ್ತಿನ ನಿಯಮಗಳು ಬಹುಮಟ್ಟಿಗೆ ಸಡಿಲಗೊಂಡವು, ಕತೆಯನ್ನು ಎಲ್ಲರೂ ಮರೆತರು.

ತಂತ್ರಾಂಶದ ಸಂಕೇತ ಮರೆಯಲಿಲ್ಲ. ಹಳೆಯ ಸಾಧನಗಳ ಜೊತೆ ಮಾತಾಡಲು ಬೇಕಾದೀತೆಂದು ರಫ್ತು ದರ್ಜೆಯ ದುರ್ಬಲ ಕೀಲಿಗಳ ಬೆಂಬಲ ಸರ್ವರ್‌ಗಳಲ್ಲೂ ಬ್ರೌಸರ್‌ಗಳಲ್ಲೂ ಹಾಗೇ ಉಳಿದುಬಿಟ್ಟಿತ್ತು. 2015ರ ಮಾರ್ಚ್‌ನಲ್ಲಿ ಸಂಶೋಧಕರು ಫ್ರೀಕ್ ಎಂಬ ದಾಳಿಯನ್ನು ಬಹಿರಂಗಪಡಿಸಿದರು: ನಡುವೆ ಕೂತ ದಾಳಿಕೋರ, ಬ್ರೌಸರ್ ಬಲವಾದ ಕೀಲಿಯನ್ನು ಕೇಳಿದರೂ ಸರ್ವರ್‌ನಿಂದ 512 ಬಿಟ್‌ಗಳ ಆ ಹಳೆಯ ಕೀಲಿಯನ್ನೇ (ಇದು ಬೇರೆ ಬಗೆಯ ಕೀಲಿ, ಇದಕ್ಕೆ 512 ಬಿಟ್ ತೀರಾ ಕಡಿಮೆ) ಹೊರತೆಗೆಸಿ ಬ್ರೌಸರ್‌ಗೆ ದಾಟಿಸಬಲ್ಲವನಾಗಿದ್ದ. ಬಾಡಿಗೆಗೆ ಪಡೆದ ಕ್ಲೌಡ್ ಕಂಪ್ಯೂಟರುಗಳಲ್ಲಿ ಅದನ್ನು ಒಡೆಯಲು ಬೇಕಾದದ್ದು ಕೆಲವು ಗಂಟೆಗಳು, ಸುಮಾರು 100 ಡಾಲರ್. ದುರ್ಬಲವೆಂದು ಸಿಕ್ಕಿಬಿದ್ದ ತಾಣಗಳಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎಯ ಸ್ವಂತ ತಾಣವೂ ಒಂದು. ಕೆಲವೇ ತಿಂಗಳ ಬಳಿಕ ಅದೇ ಮೂಲದ ಇನ್ನೊಂದು ದೋಷ, ಲಾಗ್‌ಜಾಮ್, ಹೊರಬಂತು. ನಿಯಮ ಸಡಿಲಗೊಂಡು ಹದಿನೈದು ವರ್ಷವಾದರೂ ಅದು ಕೊರೆದ ತೂತು ಮುಚ್ಚಿರಲಿಲ್ಲ. ಕಾನೂನನ್ನು ರದ್ದುಪಡಿಸಲು ಒಂದು ಸಹಿ ಸಾಕು. ಅದು ಸಂಕೇತದೊಳಗೆ ಬಿಟ್ಟ ಬೇರನ್ನು ಕೀಳಲು ಜಗತ್ತಿನ ಪ್ರತಿ ಸರ್ವರ್‌ನ ಬಾಗಿಲು ತಟ್ಟಬೇಕು.

ಇಷ್ಟಾದರೂ ಬುದ್ಧಿ ಬಂದಿಲ್ಲ. 2025ರ ಫೆಬ್ರವರಿಯಲ್ಲಿ, ಗೂಢಲಿಪಿಯಲ್ಲಿರುವ ಬಳಕೆದಾರರ ಮಾಹಿತಿಗೆ ದಾರಿ ಮಾಡಿಕೊಡಿ ಎಂದು ಬ್ರಿಟನ್ ಸರ್ಕಾರ ಆಪಲ್‌ಗೆ ಗುಟ್ಟಾಗಿ ಆದೇಶ ಕೊಟ್ಟಿದೆ ಎಂಬ ಸುದ್ದಿ ಹೊರಬಿದ್ದ ಬೆನ್ನಿಗೇ, ಆಪಲ್ ಅಲ್ಲಿನ ಬಳಕೆದಾರರಿಂದ ಐಕ್ಲೌಡ್‌ನ ಅತ್ಯಂತ ಬಲವಾದ ರಕ್ಷಣೆಯನ್ನು ಹಿಂತೆಗೆದುಕೊಂಡಿತು. ಒಳ್ಳೆಯವರಿಗೆ ಮಾತ್ರ ತೆರೆಯುವ ಹಿಂಬಾಗಿಲು ಬೇಕು ಎಂಬ ಬೇಡಿಕೆ ಮತ್ತೆ ಮತ್ತೆ ಏಳುತ್ತಲೇ ಇರುತ್ತದೆ. ಈ ವಿಷಯದಲ್ಲಿ ನಾನು ಉದ್ಯಮದ ಪರ, ಯಾವ ಸಂಕೋಚವೂ ಇಲ್ಲದೆ.

ಆದರೆ ಉದ್ಯಮದ ಇನ್ನೊಂದು ಮಾತನ್ನು ಮಾತ್ರ ಒಪ್ಪಲಾರೆ: ಸರ್ಕಾರ ಸುಮ್ಮನಿದ್ದರೆ ಅಲ್ಲಿ ಸ್ವಾತಂತ್ರ್ಯವಿರುತ್ತದೆ ಎಂಬುದು. ಆ್ಯಪ್ ಬರೆದವರನ್ನು ಕೇಳಿ. ಯಾವ ಆ್ಯಪ್ ಇರಬೇಕು, ಯಾವುದು ಇರಬಾರದು, ಮಾರಾಟದಲ್ಲಿ ಅಂಗಡಿಯವನ ಪಾಲೆಷ್ಟು, ನಮ್ಮ ಜಾಲತಾಣದಲ್ಲಿ ಇದು ಅಗ್ಗಕ್ಕೆ ಸಿಗುತ್ತದೆ ಎಂದು ಗ್ರಾಹಕರಿಗೆ ಹೇಳಬಹುದೇ ಇಲ್ಲವೇ, ಇವನ್ನೆಲ್ಲ ನಿರ್ಧರಿಸುವ ಸಂವಿಧಾನವೊಂದು ಆ್ಯಪ್ ಸ್ಟೋರ್‌ಗಳಲ್ಲಿ ಇದ್ದೇ ಇದೆ. ಅದಕ್ಕೆ ಚುನಾವಣೆ ಇಲ್ಲ. ಮೇಲ್ಮನವಿ ಹೋಗುವುದೂ ಬಹುಮಟ್ಟಿಗೆ ಅದೇ ಕಂಪನಿಗೆ. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ 2024ರ ಮಾರ್ಚ್‌ನಿಂದ ಆ ಖಾಸಗಿ ಸಂವಿಧಾನಕ್ಕೆ ಕೈ ಹಾಕಿತು. ಬೇರೆ ಆ್ಯಪ್ ಮಳಿಗೆಗಳಿಗೂ ಜಾಗ ಕೊಡಿ ಎಂದಾಗ ಆಪಲ್ ಕೊಟ್ಟಿತು. ಹೊಸ ಷರತ್ತುಗಳಿಗೆ ಒಪ್ಪಿದವರ ಆ್ಯಪ್ ಹತ್ತು ಲಕ್ಷ ದಾಟಿದರೆ ಆಮೇಲಿನ ಪ್ರತಿ ಸ್ಥಾಪನೆಗೆ ವರ್ಷಕ್ಕೆ ಅರ್ಧ ಯೂರೋ ಎಂಬ ಶುಲ್ಕದೊಂದಿಗೆ. 2025ರ ಏಪ್ರಿಲ್‌ನಲ್ಲಿ, ಬೇರೆ ಕಡೆ ಅಗ್ಗಕ್ಕೆ ಸಿಗುತ್ತದೆ ಎಂದು ಹೇಳಲು ಬಿಡದ ತಪ್ಪಿಗೆ 50 ಕೋಟಿ ಯೂರೋ ದಂಡ ಬಿತ್ತು.

ಕಂಪನಿಗೆ ಹೇಳಿಬಿಟ್ಟರೆ ಸಾಲದು, ಹೇಳಿದ್ದನ್ನು ಮಾಡಿತೇ ಎಂದು ನೋಡುವವರೂ ಬೇಕು. ವಿಂಡೋಸ್‌ನಲ್ಲಿ ಬೇರೆ ಬ್ರೌಸರ್‌ಗಳನ್ನೂ ಆರಿಸುವ ಪರದೆ ತೋರಿಸುತ್ತೇನೆಂದು ಮೈಕ್ರೋಸಾಫ್ಟ್ 2009ರಲ್ಲಿ ಯುರೋಪಿಗೆ ಮಾತು ಕೊಟ್ಟಿತು. 2011ರ ಮೇ ತಿಂಗಳಿಂದ 2012ರ ಜುಲೈವರೆಗೆ, ವಿಂಡೋಸ್ 7ರ ಒಂದು ಪರಿಷ್ಕರಣೆಯಲ್ಲಿ ಆ ಪರದೆಯೇ ಇರಲಿಲ್ಲ. ತಾಂತ್ರಿಕ ದೋಷ ಎಂದು ಕಂಪನಿ ಕ್ಷಮೆ ಕೇಳಿತು. ಒಂದೂವರೆ ಕೋಟಿ ಜನರಿಗೆ ಕಾಣಬೇಕಾದ ಪರದೆ ಒಂದು ವರ್ಷಕ್ಕೂ ಮೇಲೆ ಕಾಣದೆ ಹೋದದ್ದು ನಿಯಂತ್ರಕರ ಕಣ್ಣಿಗೂ ಬಹುಕಾಲ ಬೀಳಲಿಲ್ಲ, ಏಕೆಂದರೆ ಪಾಲನೆಯ ವರದಿ ಬರೆಯುತ್ತಿದ್ದದ್ದೂ ಮೈಕ್ರೋಸಾಫ್ಟೇ. ಕೊನೆಗೆ 2013ರಲ್ಲಿ 56.1 ಕೋಟಿ ಯೂರೋ ದಂಡವಾಯಿತು, ಅಷ್ಟರಲ್ಲಿ ಬ್ರೌಸರ್‌ಗಳ ಯುದ್ಧ ಮೊಬೈಲ್‌ಗೆ ಸ್ಥಳಾಂತರವಾಗಿತ್ತು.

ಸಣ್ಣವರ ಕಷ್ಟದ ಮಾತು ಬಂದೇ ಬರುತ್ತದೆ, ಬರಬೇಕು ಕೂಡ. ದೊಡ್ಡ ಕಂಪನಿಗೆ ನಿಯಮಪಾಲನೆ ಎಂದರೆ ಇನ್ನೊಂದು ವಿಭಾಗ. ಇಬ್ಬರೇ ಇರುವ ಕಂಪನಿಗೆ ಅದು ಅರ್ಧ ವರ್ಷದ ಕೆಲಸ. ಯುರೋಪಿನ ಸೈಬರ್ ಸುರಕ್ಷತಾ ಕಾಯ್ದೆಯಾದ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್‌ನ ಮೊದಲ ಕರಡನ್ನು ಓದಿ ಮುಕ್ತ ತಂತ್ರಾಂಶದವರು ಬೆಚ್ಚಿಬಿದ್ದದ್ದು ಇದಕ್ಕೇ. ಪುಕ್ಕಟೆಯಾಗಿ ಬರೆದು ಹಂಚಿದ ಸಂಕೇತಕ್ಕೂ ತಯಾರಕನ ಹೊಣೆ ಹೊರಬೇಕಾದೀತೇ ಎಂಬ ಭಯ. ಪೈಥಾನ್ ಪ್ರತಿಷ್ಠಾನ, ಎಕ್ಲಿಪ್ಸ್ ಪ್ರತಿಷ್ಠಾನದಂಥವರು ಕರಡನ್ನು ಸಾಲುಸಾಲಾಗಿ ಓದಿ ಆಕ್ಷೇಪ ಬರೆದರು. ಅಂತಿಮ ಪಠ್ಯದಲ್ಲಿ ವಾಣಿಜ್ಯೇತರ ಕೊಡುಗೆಗೆ ವಿನಾಯಿತಿ ಬಂತು, ಮುಕ್ತ ತಂತ್ರಾಂಶವನ್ನು ಪೋಷಿಸುವ ಸಂಸ್ಥೆಗಳಿಗೆ ‘ಸ್ಟೀವರ್ಡ್’ ಎಂಬ, ಕಡಿಮೆ ಹೊಣೆಯ ಪ್ರತ್ಯೇಕ ವರ್ಗವೇ ಹುಟ್ಟಿತು. ರಾಜಕೀಯ ನಮಗ್ಯಾಕೆ ಎಂದು ಕೈಕಟ್ಟಿ ಕೂರುವ ಸಹೋದ್ಯೋಗಿಗಳಿಗೆ ನಾನು ಈ ಕತೆಯನ್ನು ಆಗಾಗ ಹೇಳುತ್ತಿರುತ್ತೇನೆ. ಅವರು ಕೇಳಿಸಿಕೊಂಡು ತಮ್ಮ ಪರದೆಯ ಕಡೆ ತಿರುಗುತ್ತಾರೆ.

ಈಗ ಭಾರತದ ಸರದಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಮುಖ್ಯ ಭಾಗಗಳಿಗೆ 18 ತಿಂಗಳ ಕಾಲಾವಕಾಶ. ಇಡೀ ಕಾಯ್ದೆ ನಿಂತಿರುವುದು ಬಹುಮಟ್ಟಿಗೆ ಸಮ್ಮತಿಯ ಮೇಲೆ. ಸಮ್ಮತಿ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವ ಭಾಷೆಯಲ್ಲಿ ಬೇಕಾದರೂ ಓದುವ ಆಯ್ಕೆ ಕೊಡಬೇಕಂತೆ, ಸಂತೋಷ. ಕನ್ನಡದಲ್ಲೇ ಕೇಳಲಿ, ನೀಲಿ ಬಟನ್ ನೀಲಿಯಾಗಿಯೇ ಇರುತ್ತದೆ.

ಮಕ್ಕಳ ಬಗೆಗಿನ 9ನೆಯ ಸೆಕ್ಷನ್ ಮಾತ್ರ ನನ್ನ ಕುತೂಹಲ ಕೆರಳಿಸಿದೆ, ಏಕೆಂದರೆ ಎರಡೂ ಬಗೆಯ ಕಾನೂನು ಅದರೊಳಗೇ ಅಕ್ಕಪಕ್ಕ ಕೂತಿವೆ. ಅದರ ಮೊದಲ ಉಪಸೆಕ್ಷನ್, 18 ತುಂಬದವರ ಮಾಹಿತಿ ಬಳಸುವ ಮುನ್ನ ಹೆತ್ತವರ ಪರಿಶೀಲಿಸಬಹುದಾದ ಸಮ್ಮತಿ ಪಡೆಯಿರಿ ಎನ್ನುತ್ತದೆ. ಅಮೆರಿಕ 1998ರಲ್ಲೇ 13 ವರ್ಷದೊಳಗಿನವರಿಗಾಗಿ ಇಂಥದ್ದೇ ಕಾನೂನು ಮಾಡಿತು. ಅದರ ಫಲವಾಗಿ ಜಗತ್ತಿನ ಆ್ಯಪ್‌ಗಳಲ್ಲೆಲ್ಲ 13 ಎಂಬ ಸಂಖ್ಯೆ ಬಂದು ಕೂತಿತು, ಹುಟ್ಟಿದ ವರ್ಷವನ್ನು ನಾಲ್ಕು ವರ್ಷ ಹಿಂದಕ್ಕೆ ಸರಿಸುವುದನ್ನು ಮಕ್ಕಳು ಕಲಿತರು. ಅದನ್ನು ನಿಜವಾಗಿ ತಡೆಯಬೇಕೆಂದರೆ ಮಕ್ಕಳಲ್ಲದವರೂ ತಾವು ಮಕ್ಕಳಲ್ಲ ಎಂದು ರುಜುವಾತು ಮಾಡಬೇಕು, ಅಂದರೆ ಖಾಸಗಿತನ ಕಾಯುವ ಕಾನೂನಿನ ನೆಪದಲ್ಲಿ ಎಲ್ಲರ ಗುರುತಿನ ದಾಖಲೆಯೂ ಕಂಪನಿಗಳ ಕೈಸೇರಬೇಕು.

ಅದೇ ಸೆಕ್ಷನ್ನಿನ ಮೂರನೆಯ ಉಪಸೆಕ್ಷನ್ ಯಾರನ್ನೂ ಏನನ್ನೂ ಕೇಳುವುದಿಲ್ಲ. ಮಕ್ಕಳ ನಡವಳಿಕೆಯ ಜಾಡು ಹಿಡಿಯಬಾರದು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸಬಾರದು ಎಂದು ಕಂಪನಿಗೆ ನೇರವಾಗಿ ಹೇಳುತ್ತದೆ. ಮಕ್ಕಳ ವಿಷಯದಲ್ಲಿ ಎಡವಿದರೆ ದಂಡ 200 ಕೋಟಿ ರೂಪಾಯಿವರೆಗೆ. ಇದನ್ನು ಪಾಲಿಸಲು ತೀರಾ ಸರಳವಾದ ದಾರಿಯೊಂದಿದೆ: ವಯಸ್ಸು ಗೊತ್ತಿಲ್ಲದ ಪ್ರತಿಯೊಬ್ಬರಿಗೂ ಜಾಡು ಹಿಡಿಯುವ ಕೋಡನ್ನು ನಿಲ್ಲಿಸಿಡುವುದು. ಅದಕ್ಕೆ ಬೇಕಾಗುವ ಬದಲಾವಣೆ ಬಹುಶಃ ಕೆಲವೇ ಸಾಲು. ಉದ್ಯಮ ಈ 18 ತಿಂಗಳಲ್ಲಿ ತನ್ನ ಹಣವನ್ನೆಲ್ಲ ಮೊದಲನೆಯ ಉಪಸೆಕ್ಷನ್ನಿನ ಪರದೆಗಳಿಗೆ ಸುರಿಯುತ್ತದೆ, ಮೂರನೆಯದಕ್ಕೆ ಇರುವ ವಿನಾಯಿತಿಗಳನ್ನು ಹುಡುಕಲು ವಕೀಲರನ್ನು ನೇಮಿಸುತ್ತದೆ ಎಂಬುದು ನನ್ನ ಊಹೆ. ಕಾಯ್ದೆಯ ಪಾಲನೆ ನೋಡಿಕೊಳ್ಳುವ ದತ್ತಾಂಶ ಸಂರಕ್ಷಣಾ ಮಂಡಳಿ ತನ್ನ ಮೊದಲ ದೊಡ್ಡ ಆದೇಶವನ್ನು ಯಾವ ಉಪಸೆಕ್ಷನ್ನಿನ ಅಡಿಯಲ್ಲಿ ಹೊರಡಿಸುತ್ತದೆ ಎಂಬುದನ್ನೇ ನಾನು ಕಾಯುತ್ತಿದ್ದೇನೆ.